ಗ್ಯಾರೇಜಿನ ಕಾಂಕ್ರೀಟ್ ನೆಲ ಮತ್ತು ಚಳಿಗಾಲ

ಕಾಂಕ್ರೀಟು ಕಲ್ಲಿನಷ್ಟೇ ಗಟ್ಟಿಯಾಗಿ ತೋರಿದರೂ, ಸಿಮೆಂಟಿನೊಡನೆ ರಾಸಾಯನಿಕವಾಗಿ ಕೂಡಿಕೊಳ್ಳದ ನೀರು ಆರಿಹೋದ ಮೇಲೆ ಅದರೊಳಗೆ ಕೂದಲಿಗಿಂತ ಸಣ್ಣ ನಾಳಗಳು ಉಳಿಯುತ್ತವೆ. ಹೊರಗಿನ ತೇವ ಇವುಗಳ ಮೂಲಕವೇ ಒಳಸೇರುತ್ತದೆ. ನೀರು ಹೆಪ್ಪುಗಟ್ಟುವಾಗ ಗಾತ್ರದಲ್ಲಿ ಸುಮಾರು ಶೇ. 9ರಷ್ಟು ಹಿಗ್ಗುವುದರಿಂದ, ನಾಳಗಳು ತುಂಬಿದ್ದಲ್ಲಿ ಒಳಗಿನ ಒತ್ತಡ ಹೆಚ್ಚಿ ಸುತ್ತಲಿನ ಗಾರೆ ಬಿರಿಯುತ್ತದೆ. ಒಂದೆರಡು ಬಾರಿಯ ಹೆಪ್ಪುಗಟ್ಟುವಿಕೆಯಿಂದ ಏನೂ ಕಾಣದಿದ್ದರೂ, ಹೆಪ್ಪುಗಟ್ಟಿ ಕರಗುವ ಈ ಕ್ರಿಯೆ ಮರುಕಳಿಸಿದಂತೆ ಸೂಕ್ಷ್ಮ ಬಿರುಕುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಅಮೆರಿಕದ ಮಿನ್ನೆಸೋಟ, ಮಿಶಿಗನ್ ಹಾಗೂ ಕೆನಡಾದ ಒಂಟಾರಿಯೊದಂತಹ ಶೀತ ಪ್ರದೇಶಗಳಲ್ಲಿ, ಮಂಜು ಕರಗಿಸಲೆಂದು ರಸ್ತೆಗೆ ಚೆಲ್ಲಿದ ಉಪ್ಪು ಹಿಮದ ಕೆಸರಿನೊಡನೆ ಕಾರಿಗೆ ಅಂಟಿಕೊಂಡು ಮನೆಯ ಗ್ಯಾರೇಜಿಗೆ ಬಂದು, ನೆಲದ ಮೇಲೆ ತೊಟ್ಟಿಕ್ಕಿ ಮಡುಗಟ್ಟುತ್ತದೆ. ಉಪ್ಪು ತೇವವನ್ನು ಹಿಡಿದಿಡುವುದರಿಂದ ರಂಧ್ರಗಳು ಆರುವುದೇ ಇಲ್ಲ. ಮಾತ್ರವಲ್ಲದೆ, ಗಾಢ ದ್ರಾವಣಕ್ಕಿಂತ ಸುಮಾರು ಶೇ. 3ರ ತೆಳು ಉಪ್ಪುನೀರೇ ಮೇಲ್ಮೈಗೆ ಹೆಚ್ಚು ಹಾನಿಕರವೆಂಬುದು ಪ್ರಯೋಗಗಳಿಂದ ತಿಳಿದುಬಂದಿದೆ. ಕ್ಯಾಲ್ಸಿಯಂ ಕ್ಲೋರೈಡ್ ಬಳಸಿದಲ್ಲಿ ಅದು ಸಿಮೆಂಟಿನಲ್ಲಿರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನೊಡನೆ ವರ್ತಿಸಿ, ಉಷ್ಣತೆ ಶೂನ್ಯಕ್ಕಿಂತ ಮೇಲಿದ್ದಾಗಲೂ ಕಾಂಕ್ರೀಟನ್ನು ಸೀಳಬಲ್ಲ ಹಿಗ್ಗುವ ಲವಣವನ್ನು ಉಂಟುಮಾಡುತ್ತದೆ.

ಹಾನಿಯ ಮೊದಲ ಗುರುತು ಕಾಣುವುದು ಸಾಮಾನ್ಯವಾಗಿ ಚಕ್ರಗಳು ನಿಲ್ಲುವ ಜಾಗದಲ್ಲಿ. ಅಲ್ಲಿ ಮೇಲ್ಪದರ ಹಕ್ಕಳೆ ಹಕ್ಕಳೆಯಾಗಿ ಏಳುವುದನ್ನು ಸ್ಕೇಲಿಂಗ್ ಎನ್ನುತ್ತಾರೆ. ನೀರು ಹೀರುವ ಜಲ್ಲಿಕಲ್ಲು ಒಳಗೇ ಒಡೆದಾಗ ಅದರ ಮೇಲಿನ ಗಾರೆ ಹಾರಿಹೋಗಿ ಸಣ್ಣ ಕುಳಿ ಬೀಳುತ್ತದೆ. ಬಿರುಕಿನ ಎರಡು ಅಂಚುಗಳು ಒಂದೇ ಮಟ್ಟದಲ್ಲಿಲ್ಲದಿದ್ದರೆ, ನೆಲದಡಿಯ ಮಣ್ಣಿನ ತೇವ ಹೆಪ್ಪುಗಟ್ಟಿ ಹಾಸನ್ನು ಮೇಲಕ್ಕೆತ್ತಿದೆಯೇ ಎಂದು ಸಂಶಯಿಸಬೇಕು.

ತಡೆಗಟ್ಟುವ ಕೆಲಸ ಕಾಂಕ್ರೀಟ್ ಕಲಸುವಾಗಲೇ ಆರಂಭವಾಗಬೇಕು. 1945ರಲ್ಲಿ ಕಾಂಕ್ರೀಟ್ ಸಂಶೋಧಕ ಟಿ. ಸಿ. ಪವರ್ಸ್ ವಿವರಿಸಿದಂತೆ, ಹಿಗ್ಗುವ ಮಂಜು ಹೊರದೂಡಿದ ನೀರಿಗೆ ಹತ್ತಿರದಲ್ಲೇ ತೆರಪು ಸಿಕ್ಕರೆ ಒತ್ತಡ ತಗ್ಗುತ್ತದೆ. ಅದಕ್ಕಾಗಿ ವಿಶೇಷ ರಾಸಾಯನಿಕ ಬೆರೆಸಿ, ಗಾತ್ರದಲ್ಲಿ ಸುಮಾರು ಶೇ. 6ರಷ್ಟು ಗಾಳಿಯನ್ನು ಸೂಕ್ಷ್ಮ ಗುಳ್ಳೆಗಳ ರೂಪದಲ್ಲಿ ಕಾಂಕ್ರೀಟಿನೊಳಗೆ ಉಳಿಸುತ್ತಾರೆ. ನುಣುಪಿಗಾಗಿ ಉಕ್ಕಿನ ಕರಣೆಯಿಂದ ಅತಿಯಾಗಿ ಉಜ್ಜಿದರೆ ಮೇಲ್ಪದರದ ಗುಳ್ಳೆಗಳು ನಾಶವಾಗಿ, ರಕ್ಷಣೆ ಬೇಕಾದ ಜಾಗದಲ್ಲೇ ಅದು ಇಲ್ಲದಂತಾಗುತ್ತದೆ. ಸಿಮೆಂಟಿನ ತೂಕಕ್ಕೆ ನೀರಿನ ಪ್ರಮಾಣ 0.45ನ್ನು ಮೀರದಿರುವುದು, ಸಾಕಷ್ಟು ದಿನ ಕ್ಯೂರಿಂಗ್ ಮಾಡುವುದು, ನೆಲಕ್ಕೆ ಬಾಗಿಲಿನ ಕಡೆ ಇಳಿಜಾರು ಕೊಡುವುದೂ ಅಷ್ಟೇ ಮುಖ್ಯ.

ಹಳೆಯ ನೆಲದ ಮೇಲೆ ಶರತ್ಕಾಲದಲ್ಲಿ ಸ್ವಲ್ಪ ನೀರು ಚಿಮುಕಿಸಿ ನೋಡಬೇಕು. ಅದು ಹನಿಗಟ್ಟಿ ನಿಲ್ಲದೆ ಬೇಗ ಇಂಗಿದರೆ, ನೆಲವನ್ನು ತೊಳೆದು, ಚೆನ್ನಾಗಿ ಒಣಗಿಸಿ, ರಂಧ್ರದೊಳಗೆ ಇಳಿದು ನೀರನ್ನು ವಿಕರ್ಷಿಸುವ ಸಿಲೇನ್ ಲೇಪ ಹಚ್ಚುವುದು ಉಚಿತ. ಚಳಿಗಾಲದುದ್ದಕ್ಕೂ ಉಪ್ಪುನೀರನ್ನು ಆಗಾಗ ಬಾಗಿಲಾಚೆ ತಳ್ಳಬೇಕು. ಜಾರದಿರಲು ಉಪ್ಪಿನ ಬದಲು ಮರಳನ್ನು ಹಾಕಬೇಕು. ಆಗಲೇ ಹಕ್ಕಳೆ ಎದ್ದ ನೆಲಕ್ಕೆ ಬರಿಯ ಲೇಪದಿಂದ ಪ್ರಯೋಜನವಿಲ್ಲ: ಸಡಿಲ ಪದರವನ್ನು ಗಟ್ಟಿ ಕಾಂಕ್ರೀಟು ಸಿಗುವವರೆಗೂ ಕೆತ್ತಿ ತೆಗೆದು, ಬೆಚ್ಚಗಿನ ದಿನಗಳಲ್ಲಿ ದುರಸ್ತಿ ಗಾರೆ ತುಂಬಿ, ಅದು ಪೂರ್ತಿ ಬಲಿತ ಮೇಲಷ್ಟೇ ಲೇಪ ಹಚ್ಚಬೇಕು.