ಗ್ರೀನ್‌ಲಾ ನಿಂತಿದ್ದ ಜಾಗ

50 ರೂಪಾಯಿ ನೋಟಿನ ಬೆನ್ನಿಗೆ ಅಚ್ಚಾಗಿರುವ ಹಂಪಿಯ ಕಲ್ಲಿನ ರಥವನ್ನು ನೋಡದವರು ನಮ್ಮಲ್ಲಿ ಕಡಿಮೆ. ವಿಜಯವಿಠ್ಠಲ ದೇವಸ್ಥಾನದ ಅಂಗಳದಲ್ಲಿ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡವರಿಗೂ ಲೆಕ್ಕವಿಲ್ಲ. ಆದರೆ ನಾವು ಕಾಣುವ ರಥ ಪೂರ್ತಿ ರಥವಲ್ಲ. ಅದು ಗರುಡನಿಗೆಂದು ಕಟ್ಟಿದ ಗುಡಿ. ಅದರ ನೆತ್ತಿಯ ಮೇಲೆ ಇಟ್ಟಿಗೆ ಗಾರೆಯ ಶಿಖರವಿತ್ತು. ಹೀಗೆ ಖಚಿತವಾಗಿ ಹೇಳಲು ಆಗುವುದು 1856ರಲ್ಲಿ ತೆಗೆದ ಒಂದು ಫೋಟೊದಿಂದ. ಅದರಲ್ಲಿ ಶಿಖರ ಅಲ್ಲಲ್ಲಿ ಕಳಚಿದ್ದರೂ ರಥದ ಮೇಲೆ ನಿಂತೇ ಇದೆ.

ಆ ಫೋಟೊ ತೆಗೆದವನು ಅಲೆಕ್ಸಾಂಡರ್ ಜಾನ್ ಗ್ರೀನ್‌ಲಾ, ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೇನೆಯ ಅಧಿಕಾರಿ. ಆಗ ಹಂಪಿ ಇದ್ದದ್ದು ಮದ್ರಾಸ್ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆಯಲ್ಲಿ. ರೈಲು ಆ ಕಡೆ ಇನ್ನೂ ಬಂದಿರಲಿಲ್ಲ. ಅಂಥ ದಿನಗಳಲ್ಲಿ ಅವನು ವಿಠ್ಠಲ ದೇವಸ್ಥಾನ, ಅಚ್ಯುತರಾಯನ ಗುಡಿ, ಆನೆಲಾಯ, ಕಮಲ ಮಹಲ್ ಎಂದು ಬಂಡೆಗಳ ನಡುವೆ ಸುತ್ತಿ 60ರ ಆಸುಪಾಸಿನಷ್ಟು ನೆಗೆಟಿವ್‌ಗಳನ್ನು ಮಾಡಿದ. ಹಂಪಿಯನ್ನು ಇಷ್ಟು ವಿವರವಾಗಿ ಕ್ಯಾಮೆರಾ ನೋಡಿದ್ದು ಅದೇ ಮೊದಲು. ಅದಕ್ಕೂ ಮುನ್ನ ನಮಗಿರುವುದು 1799ರ ಸುಮಾರಿಗೆ ಕರ್ನಲ್ ಕಾಲಿನ್ ಮೆಕೆಂಜಿ ಮಾಡಿಸಿದ ನಕಾಶೆ ಮತ್ತು ಜಲವರ್ಣದ ಚಿತ್ರಗಳು.

ಸೈನಿಕರ ಕೈಗೆ ಕ್ಯಾಮೆರಾ ಬಂದು, ಅವರು ದೇವಸ್ಥಾನಗಳತ್ತ ಹೊರಟಿದ್ದಕ್ಕೆ ಒಂದು ಹಿನ್ನೆಲೆಯಿದೆ. ನೆಲವನ್ನು ಗೆದ್ದ ಮೇಲೆ ಆ ನೆಲದಲ್ಲಿ ಏನೇನಿದೆ ಎಂದು ಪಟ್ಟಿ ಮಾಡುವುದು ಕಂಪನಿಗೆ ಬೇಕಿತ್ತು. ಅದಕ್ಕಾಗಿ ಚಿತ್ರಕಾರರನ್ನು ಇಟ್ಟುಕೊಂಡಿದ್ದರು. ಅಜಂತಾದ ಭಿತ್ತಿಚಿತ್ರಗಳನ್ನು ನಕಲು ಮಾಡಲು 1844ರಲ್ಲಿ ನೇಮಕವಾದ ರಾಬರ್ಟ್ ಗಿಲ್ ವರ್ಷಗಟ್ಟಲೆ ಆ ಗುಹೆಗಳಲ್ಲೇ ಕಳೆದ. (ಅವನು ಬರೆದು ಲಂಡನ್ನಿಗೆ ಕಳಿಸಿದ ಚಿತ್ರಗಳಲ್ಲಿ ಬಹುಪಾಲು 1866ರಲ್ಲಿ ಕ್ರಿಸ್ಟಲ್ ಪ್ಯಾಲೇಸಿಗೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋದವು.) ಚಿತ್ರ ಬರೆಸುವುದು ನಿಧಾನ, ದುಬಾರಿ, ಬರೆದವನ ಕಣ್ಣನ್ನು ನಂಬಬೇಕು. ಫೋಟೊ ಅಗ್ಗ ಮತ್ತು ಕರಾರುವಾಕ್ಕು ಎಂಬ ನಂಬಿಕೆ ಲಂಡನ್ನಿನ ನಿರ್ದೇಶಕರಿಗೆ ಬಂತು. 1855ರಲ್ಲಿ ಬೊಂಬಾಯಿ ಸರ್ಕಾರ ಫಿರಂಗಿದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್‌ನನ್ನು ಈ ಕೆಲಸಕ್ಕೆ ನೇಮಿಸಿತು. ಬಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲು ಅವನ ಕ್ಯಾಮೆರಾಕ್ಕೆ ಸಿಕ್ಕವು. ಅದೇ ವರ್ಷದ ಕೊನೆಗೆ ಅವನನ್ನು ಸೇನೆಗೆ ವಾಪಸು ಕರೆಸಿಕೊಂಡರು. ಕೆಲಸ ಮುಂದುವರಿಸಿದವನು ವೈದ್ಯ ವಿಲಿಯಂ ಹೆನ್ರಿ ಪಿಗೂ. ಮೈಸೂರು ಸೀಮೆಯಲ್ಲಿ 1854ರ ಡಿಸೆಂಬರಿನಲ್ಲೇ ಇನ್ನಿಬ್ಬರು ಹಳೇಬೀಡು, ಬೇಲೂರು, ಶ್ರವಣಬೆಳಗೊಳದ ದಾರಿ ಹಿಡಿದಿದ್ದರು: ಬೆಂಗಳೂರಿನ ದಂಡಿನಲ್ಲಿದ್ದ ಲಿನಿಯಸ್ ಟ್ರೈಪ್ ಮತ್ತು ವೈದ್ಯನಾಗಿದ್ದ ನೀಲ್. ಟ್ರೈಪ್ ತೆಗೆದ 68 ಚಿತ್ರಗಳು ಮುಂದಿನ ವರ್ಷ ಮದ್ರಾಸಿನ ವಸ್ತುಪ್ರದರ್ಶನದಲ್ಲಿ ಬಹುಮಾನ ಪಡೆದವು. ಮೂರು ನಾಲ್ಕು ವರ್ಷಗಳ ಅವಧಿಯಲ್ಲಿ ಕನ್ನಡನಾಡಿನ ಬಹುಮುಖ್ಯ ಸ್ಮಾರಕಗಳೆಲ್ಲ ಒಂದಲ್ಲ ಒಂದು ಕ್ಯಾಮೆರಾದ ಮುಂದೆ ಬಂದುಬಿಟ್ಟವು. ಇಂಡಿಯಾದ ಬೇರೆ ಹಲವು ಸೀಮೆಗಳಿಗೆ ಇಷ್ಟು ಬೇಗ ಈ ಭಾಗ್ಯ ಸಿಗಲಿಲ್ಲ.

ಆಗ ಫೋಟೊ ತೆಗೆಯುವುದೆಂದರೆ ಏನೆಂದು ತಿಳಿದರೆ ಗ್ರೀನ್‌ಲಾನ ಶ್ರಮದ ಅಂದಾಜು ಸಿಗುತ್ತದೆ. ಫಿಲ್ಮ್ ಇರಲಿಲ್ಲ; ನೆಗೆಟಿವ್ ಎಂದರೆ ಕಾಗದವೇ. ಒಳ್ಳೆಯ ಬರೆಯುವ ಕಾಗದವನ್ನು ಅಯೊಡೈಡ್ ದ್ರಾವಣದಲ್ಲಿ ನೆನೆಸಿ ಒಣಗಿಸಬೇಕು. ಬಳಸುವ ಮುನ್ನ ಕತ್ತಲೆಯಲ್ಲಿ ಅದಕ್ಕೆ ಸಿಲ್ವರ್ ನೈಟ್ರೇಟ್ ಕುಡಿಸಬೇಕು. ಕ್ಯಾಮೆರಾದಲ್ಲಿಟ್ಟು ನಿಮಿಷಗಟ್ಟಲೆ ಬೆಳಕು ಬಿಡಬೇಕು. ಆಮೇಲೆ ಗ್ಯಾಲಿಕ್ ಆಮ್ಲದಲ್ಲಿ ತೊಳೆದು ಚಿತ್ರ ಮೂಡಿಸಿ, ಹೈಪೊದಲ್ಲಿ ಸ್ಥಿರಗೊಳಿಸಿ, ಮತ್ತೆ ಮತ್ತೆ ನೀರಿನಲ್ಲಿ ಜಾಲಾಡಬೇಕು. ಕಾಗದದ ಎಳೆಗಳು ಪ್ರಿಂಟಿನಲ್ಲಿ ಕಾಣದಂತೆ ಜೇನುಮೇಣ ಸವರಿ ಬಿಸಿ ಇಸ್ತ್ರಿ ಎಳೆದರೆ ಕಾಗದ ಅರೆಪಾರದರ್ಶಕವಾಗುತ್ತದೆ. ಬಳ್ಳಾರಿಯ ಬಿಸಿಲಿನಲ್ಲಿ ರಾಸಾಯನಿಕಗಳು ಹದ ತಪ್ಪುತ್ತವೆ. ಶುದ್ಧವಾದ ನೀರೇ ಒಂದು ಸಮಸ್ಯೆ. ಗ್ರೀನ್‌ಲಾ ಇದನ್ನೆಲ್ಲ ಈ ದೇಶದ ಸೆಖೆಗೆ ಒಗ್ಗಿಸಿಕೊಂಡು ತನ್ನದೇ ಕ್ರಮ ರೂಢಿಸಿದ. ಮುಂದಿನ ಫೋಟೊಗ್ರಫಿ ಕೈಪಿಡಿಗಳಲ್ಲಿ ಅವನ ಹೆಸರಿನಲ್ಲೇ ಆ ವಿಧಾನ ಸೇರಿಕೊಂಡಿತು.

ಅವನ ನೆಗೆಟಿವ್‌ಗಳ ಅಳತೆ ಸುಮಾರು 18 ಇಂಚು, 16 ಇಂಚು. ಆಗ ನೆಗೆಟಿವನ್ನು ಹಿಗ್ಗಿಸಿ ಪ್ರಿಂಟ್ ಹಾಕುವ ಸುಲಭ ದಾರಿ ಇರಲಿಲ್ಲ. ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟೇ ದೊಡ್ಡ ನೆಗೆಟಿವ್ ಬೇಕು, ಅದಕ್ಕೆ ತಕ್ಕಂಥ ಕ್ಯಾಮೆರಾ ಬೇಕು. ಟ್ರಂಕಿನ ಗಾತ್ರದ ಆ ಮರದ ಪೆಟ್ಟಿಗೆಯನ್ನು ಹೊತ್ತು ಹಂಪಿಯ ಹೆಬ್ಬಂಡೆಗಳನ್ನು ಏರಿದ ಆಳುಗಳ ಹೆಸರು ಎಲ್ಲೂ ಬರೆದಿಲ್ಲ. ಅವರಿಲ್ಲದೆ ಒಂದು ಚಿತ್ರವೂ ಆಗುತ್ತಿರಲಿಲ್ಲ.

ಈ ವಿಧಾನದ ಒಂದು ಪರಿಣಾಮವನ್ನು ನಾವು ಇಂದಿಗೂ ಅನುಭವಿಸುತ್ತಿದ್ದೇವೆ ಎಂದೇ ನನ್ನ ಭಾವನೆ. ನಿಮಿಷಗಟ್ಟಲೆ ಬೆಳಕು ಬಿಟ್ಟಾಗ ಕಲ್ಲು ಸ್ಪಷ್ಟವಾಗಿ ಮೂಡುತ್ತದೆ. ನಡೆದಾಡುವ ಮನುಷ್ಯ, ಮೇಯುವ ದನ, ಹಾರುವ ಹಕ್ಕಿ ಯಾವುದೂ ಉಳಿಯುವುದಿಲ್ಲ. ಆ ಕಾಗದಕ್ಕೆ ನೀಲಿ ಬಣ್ಣ ಅತಿಯಾಗಿ ತಟ್ಟುತ್ತಿದ್ದುದರಿಂದ ಮೋಡಗಳೂ ಅಳಿಸಿಹೋಗಿ ಆಕಾಶ ಬರೀ ಬಿಳಿ ಹಾಳೆಯಾಗುತ್ತದೆ. ಜೊತೆಗೆ ಕ್ಯಾಮೆರಾ ಹಿಡಿದವರ ಆಸಕ್ತಿಯೂ ಕಟ್ಟಡದ ಮೇಲೆಯೇ. ಹೀಗಾಗಿ ಹಂಪಿ ಜಗತ್ತಿಗೆ ಪರಿಚಯವಾದದ್ದು ನರಪಿಳ್ಳೆಯಿಲ್ಲದ ಪಾಳು ಪಟ್ಟಣವಾಗಿ. ನಿಜದಲ್ಲಿ ಅಲ್ಲಿ ವಿರೂಪಾಕ್ಷನಿಗೆ ಪೂಜೆ ನಡೆಯುತ್ತಿತ್ತು, ಹೊಲಗಳಿಗೆ ವಿಜಯನಗರದ ಕಾಲದ ಕಾಲುವೆಗಳಿಂದ ನೀರು ಹರಿಯುತ್ತಿತ್ತು, ಆಸುಪಾಸಿನ ಹಳ್ಳಿಗಳಲ್ಲಿ ಜನ ಬಾಳುತ್ತಿದ್ದರು. ಚಿತ್ರದಲ್ಲಿ ಮಾತ್ರ ಅವರಿಗೆ ಜಾಗ ಸಿಗಲಿಲ್ಲ. ಈ ಮಾತಿಗೆ ಮತ್ತೆ ಬರುತ್ತೇನೆ.

ಬಿಗ್ಸ್, ಪಿಗೂ, ನೀಲ್ ಇವರ ಚಿತ್ರಗಳು ಬೊಂಬಾಯಿಯ ವರ್ತಕರ ಹಣದ ನೆರವಿನಿಂದ 1866ರಲ್ಲಿ ಲಂಡನ್ನಿನಲ್ಲಿ ಭಾರೀ ಗಾತ್ರದ ಸಂಪುಟಗಳಾದವು: ಬಿಜಾಪುರಕ್ಕೆ ಒಂದು, ಧಾರವಾಡ ಮತ್ತು ಮೈಸೂರಿಗೆ ಇನ್ನೊಂದು. ಮೆಡೋಸ್ ಟೇಲರ್ ಚರಿತ್ರೆ ಬರೆದ, ಜೇಮ್ಸ್ ಫರ್ಗ್ಯುಸನ್ ವಾಸ್ತುಶಿಲ್ಪದ ಟಿಪ್ಪಣಿ ಬರೆದ. ಗ್ರೀನ್‌ಲಾನ ಹಂಪಿಗೆ ಆ ಯೋಗ ಬರಲಿಲ್ಲ. ಅವನು 1870ರಲ್ಲಿ ತೀರಿಕೊಂಡ. ಆ ದೊಡ್ಡ ದೊಡ್ಡ ಕಾಗದದ ನೆಗೆಟಿವ್‌ಗಳು ಶತಮಾನಕ್ಕೂ ಮೀರಿ ಜನರ ಕಣ್ಣಿಗೆ ಬೀಳಲೇ ಇಲ್ಲ. ಅಷ್ಟರಲ್ಲಿ ಹಂಪಿಗೆ ಬೇರೆ ಕ್ಯಾಮೆರಾಗಳು ಬಂದವು, ಪುರಾತತ್ವ ಇಲಾಖೆ ಬಂತು, ಲಾಂಗ್‌ಹರ್ಸ್ಟ್ 1917ರಲ್ಲಿ ಹಂಪಿಯ ಮೇಲೆ ಚಿತ್ರಸಹಿತ ಪುಸ್ತಕ ಬರೆದ. ರಥದ ಶಿಖರ ಇಲ್ಲವಾದದ್ದೂ ಈ ನಡುವಿನ ಕಾಲದಲ್ಲೇ.

ನೆಗೆಟಿವ್‌ಗಳು ಮತ್ತೆ ಬೆಳಕಿಗೆ ಬಂದದ್ದು 1980ರ ಸುಮಾರಿಗೆ, ಇಂಗ್ಲೆಂಡಿನ ಖಾಸಗಿ ಸಂಗ್ರಹವೊಂದರಲ್ಲಿ. ಅದೇ ಹೊತ್ತಿಗೆ ಹಂಪಿಯಲ್ಲಿ ಹೊಸ ಕೆಲಸ ಶುರುವಾಗಿತ್ತು. ಅಮೆರಿಕದ ಪುರಾತತ್ವಜ್ಞ ಜಾನ್ ಫ್ರಿಟ್ಜ್ ಮತ್ತು ಆಸ್ಟ್ರೇಲಿಯಾ ಮೂಲದ ವಾಸ್ತುಚರಿತ್ರಕಾರ ಜಾರ್ಜ್ ಮಿಚೆಲ್ ಅವರು ಕರ್ನಾಟಕ ಪುರಾತತ್ವ ಇಲಾಖೆಯ ಜೊತೆಗೂಡಿ ಹಾಳೂರಿನ ಒಂದೊಂದೇ ಕಟ್ಟಡದ ಅಳತೆ ತೆಗೆಯತೊಡಗಿದ್ದರು. ವರ್ಷ ವರ್ಷವೂ ಬಂದು ಬಿಡಾರ ಹೂಡಿ ಎರಡು ದಶಕ ಕಾಲ ನಡೆಸಿದ ಕೆಲಸ ಅದು. ಅವರ ಬಳಗಕ್ಕೆ ಸೇರಿದವರು ಆಸ್ಟ್ರೇಲಿಯಾದ ವಾಸ್ತು ಛಾಯಾಗ್ರಾಹಕ ಜಾನ್ ಗೋಲಿಂಗ್ಸ್. ಗ್ರೀನ್‌ಲಾ ತೆಗೆದ ಚಿತ್ರಗಳನ್ನು ಕೈಯಲ್ಲಿ ಹಿಡಿದು, ಅವನು ಕ್ಯಾಮೆರಾ ನಿಲ್ಲಿಸಿದ್ದ ಜಾಗಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ಚಿತ್ರ ತೆಗೆಯುವ ಕೆಲಸಕ್ಕೆ ಗೋಲಿಂಗ್ಸ್ 1980ರ ದಶಕದಲ್ಲಿ ಇಳಿದರು.

ಕೇಳಲು ಸುಲಭ, ಮಾಡುವುದು ಹಾಗಲ್ಲ. ಹಳೆಯ ಚಿತ್ರದಲ್ಲಿ ಹತ್ತಿರದ ಕಂಬದ ಅಂಚು ದೂರದ ಗುಡ್ಡದ ಯಾವ ಬಂಡೆಯ ಮುಂದೆ ಬಿದ್ದಿದೆ ಎಂದು ಮೊದಲು ನೋಡಬೇಕು. ಒಂದು ಹೆಜ್ಜೆ ಎಡಕ್ಕೆ ಸರಿದರೂ ಆ ಹೊಂದಿಕೆ ಕೆಡುತ್ತದೆ. ಎರಡು ಕಂಬಗಳ ನಡುವೆ ಕಾಣುವ ಸಂದು ಹಿಂದೆ ಮುಂದೆ ನಡೆದಂತೆ ಅಗಲವಾಗುತ್ತದೆ, ಕಿರಿದಾಗುತ್ತದೆ. ಅದರಿಂದ ದೂರ ಗೊತ್ತಾಗುತ್ತದೆ. ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತು ಎಂಬುದನ್ನು ಮುಂದಿನ ಗೋಡೆಯ ಮೇಲಂಚು ಹಿಂದಿನ ಜಗತಿಯ ಯಾವ ಪಟ್ಟಿಕೆಯನ್ನು ಮುಟ್ಟುತ್ತದೆ ಎಂಬುದರಿಂದ ತೀರ್ಮಾನಿಸಬೇಕು. ಇಷ್ಟಾದ ಮೇಲೆ ನೆರಳು. ಕಂಬದ ನೆರಳು ಬಿದ್ದಿರುವ ಓರೆಯಿಂದ ಹೊತ್ತು ಯಾವುದು, ಋತು ಯಾವುದು ಎಂದು ತಿಳಿಯಬಹುದು. ಈ ಕೆಲಸಕ್ಕೆ ಹಂಪಿಯಂಥ ಊರು ಸಿಗುವುದು ಅಪರೂಪ. ಬೇರೆ ಕಡೆ ಹಳೆಯ ಗುರುತುಗಳೆಲ್ಲ ಮರವಾಗಿ ಬೆಳೆದು, ಮನೆಯಾಗಿ ಎದ್ದು, ರಸ್ತೆಯಾಗಿ ಹರಡಿ ಕಳೆದುಹೋಗುತ್ತವೆ. ಇಲ್ಲಿನ ಹೆಬ್ಬಂಡೆ ಇದ್ದಲ್ಲೇ ಇದೆ. ಅದನ್ನು ಆಧಾರವಾಗಿಟ್ಟುಕೊಂಡರೆ ಗ್ರೀನ್‌ಲಾ ನಿಂತ ಜಾಗ ಗೇಣು ಲೆಕ್ಕದಲ್ಲಿ ಸಿಗುತ್ತದೆ.

ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟಾಗ ಹಂಪಿ ಹೇಗೆ ಸವೆಯುತ್ತದೆ ಎಂಬುದು ಕಣ್ಣಿಗೆ ಬಿತ್ತು. ವಿಜಯನಗರದವರು ಗೋಡೆ, ಕಂಬ, ತೊಲೆಗಳನ್ನು ಕಣಶಿಲೆಯಲ್ಲಿ ಕಟ್ಟಿ, ಮೇಲಿನ ಶಿಖರ, ಗೋಪುರದ ಅಂತಸ್ತು, ಕೈಪಿಡಿ ಗೋಡೆಗಳನ್ನು ಇಟ್ಟಿಗೆ ಗಾರೆಯಲ್ಲಿ ಮಾಡಿದರು. ಕಲ್ಲು ಉಳಿಯಿತು. ಇಟ್ಟಿಗೆಯ ಸಂದಿಗೆ ಮಳೆನೀರು ಇಳಿಯಿತು, ಹಕ್ಕಿ ತಂದು ಹಾಕಿದ ಆಲ, ಅರಳಿಯ ಬೀಜ ಮೊಳೆಯಿತು, ಗಾರೆಯ ಗೊಂಬೆಗಳು ಉದುರಿದವು. ನಾವು ಇಂದು ಮೆಚ್ಚುವ ಹಂಪಿಯ ಬೋಳು ಕಲ್ಲಿನ ಚೆಲುವು ಅಂದಿನ ಶಿಲ್ಪಿಗಳ ಉದ್ದೇಶವೇ ಆಗಿರಲಿಲ್ಲ. ಗಾರೆ, ಬಣ್ಣ, ಗೊಂಬೆಗಳಿಂದ ತುಂಬಿದ್ದ ಪಟ್ಟಣದ ಎಲುಬುಗಳು ಇವು. ಇದನ್ನು ಪಂಡಿತರು ಅವಶೇಷಗಳನ್ನು ನೋಡಿಯೇ ಹೇಳಬಲ್ಲರು. ಆದರೆ ಯಾವ ಭಾಗ ಎಷ್ಟು ವರ್ಷದೊಳಗೆ ಹೋಯಿತು ಎಂದು ಹೇಳಲು ಒಂದೇ ಜಾಗದಿಂದ ತೆಗೆದ ಎರಡು ಚಿತ್ರಗಳು ಬೇಕು. ಗ್ರೀನ್‌ಲಾನದು ಅಲ್ಲಿಯ ತನಕ ಒಬ್ಬ ಅಧಿಕಾರಿ ತೆಗೆದ ಸುಂದರ ಚಿತ್ರ. ಗೋಲಿಂಗ್ಸ್ ಅದೇ ಜಾಗದಲ್ಲಿ ನಿಂತ ಮೇಲೆ ಅದು ಊರಿನ ದಾಖಲೆಯಾಯಿತು.

ಆ ನೆಗೆಟಿವ್‌ಗಳು ಮುಂದೆ ಸೇರಿದ್ದು ಇಬ್ರಾಹಿಂ ಅಲ್ಕಾಜಿಯವರ ಛಾಯಾಚಿತ್ರ ಸಂಗ್ರಹಕ್ಕೆ. ಕಾರ್ನಾಡರ ‘ತುಘಲಕ್’ ನಾಟಕವನ್ನು ದೆಹಲಿಯ ಹಳೇ ಕೋಟೆಯಲ್ಲಿ ಆಡಿಸಿದ ಆ ರಂಗನಿರ್ದೇಶಕರೇ ಇವರು. ಪಾಳು ಗೋಡೆಗಳ ಬೆಲೆ ಬಲ್ಲವರ ಕೈಗೇ ಅವು ಹೋದದ್ದು ಒಳ್ಳೆಯದಾಯಿತು.

ಹಳೇಬೀಡಿನ ಕತೆ ಇದಕ್ಕಿಂತ ಹೆಚ್ಚು ನೋವು ಕೊಡುತ್ತದೆ. ಹೊಯ್ಸಳೇಶ್ವರನ ಗುಡಿಯಿಂದ ಸ್ವಲ್ಪ ದೂರದಲ್ಲಿರುವ ಕೇದಾರೇಶ್ವರ ದೇವಸ್ಥಾನವನ್ನು ಎರಡನೇ ವೀರಬಲ್ಲಾಳ ಮತ್ತು ರಾಣಿ ಅಭಿನವ ಕೇತಲದೇವಿ 1219ರಲ್ಲಿ ಕಟ್ಟಿಸಿದರು. ಹತ್ತೊಂಬತ್ತನೇ ಶತಮಾನದ ಚಿತ್ರಗಳಲ್ಲಿ ಅದಕ್ಕೆ ಶಿಖರವಿದೆ, ಶಿಖರದಲ್ಲಿ ಗಿಡ ಬೇರುಬಿಟ್ಟಿದೆ. ಬೇರು ಕಲ್ಲುಗಳನ್ನು ಸೀಳುತ್ತಿರುವುದನ್ನು ಫರ್ಗ್ಯುಸನ್ ತನ್ನ ಪುಸ್ತಕದಲ್ಲಿ ಬರೆದೂ ಇದ್ದ. ರಿಚರ್ಡ್ ಬ್ಯಾನರ್ ಓಕ್ಲಿ ಎಂಬ ಇನ್ನೊಬ್ಬ ಕ್ಯಾಪ್ಟನ್ ಹಳೇಬೀಡಿನ ಗುಡಿಯೊಂದಕ್ಕೇ ಮೀಸಲಾಗಿ 56 ಫೋಟೊಗಳ ಪುಸ್ತಕವನ್ನು 1859ರಲ್ಲಿ ಲಂಡನ್ನಿನಲ್ಲಿ ತಂದಿದ್ದ. ಅಂದರೆ ಚಿತ್ರಗಳಿದ್ದವು, ಎಚ್ಚರಿಕೆಯಿತ್ತು, ನೋಡಿದವರೂ ಇದ್ದರು. ಗಿಡ ಕೀಳುವವರಿರಲಿಲ್ಲ. ಶತಮಾನ ಮುಗಿಯುವ ಮುನ್ನವೇ ಶಿಖರ ಕುಸಿಯಿತು. ಇಂದು ಕೇದಾರೇಶ್ವರ ನಿಂತಿರುವುದು ಶಿಖರವಿಲ್ಲದೆ. ಫೋಟೊ ತೆಗೆದರೆ ಉಳಿಸಿದಂತೆ ಎಂದು ಯಾರಾದರೂ ಅಂದಾಗ ನನಗೆ ನೆನಪಾಗುವುದು ಈ ಗುಡಿ.

ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆ ಆಮೇಲೆ ಈ ಕೆಲಸವನ್ನು ಶಿಸ್ತಿಗೆ ತಂದಿತು. 1906ರಿಂದ ಆರ್. ನರಸಿಂಹಾಚಾರ್ ಅವರು ಹಳ್ಳಿ ಹಳ್ಳಿ ಸುತ್ತಿ ಹೊರತಂದ ವಾರ್ಷಿಕ ವರದಿಗಳಲ್ಲಿ ಶಾಸನದ ಪಾಠ, ನಕ್ಷೆ, ಫೋಟೊ ಮೂರೂ ಜೊತೆಯಾಗಿವೆ. ಊರಿನ ಹೆಸರು, ಹೋಬಳಿ, ಗುಡಿಯ ಯಾವ ದಿಕ್ಕು ಎಂಬುದೆಲ್ಲ ನಮೂದಾಗಿದೆ. ದೊಡ್ಡಗದ್ದವಳ್ಳಿಯವನೋ ಸೋಮನಾಥಪುರದವನೋ ತನ್ನ ಊರಿನ ನೂರು ವರ್ಷದ ಹಿಂದಿನ ಮುಖವನ್ನು ನೋಡಬೇಕೆಂದರೆ ಮೊದಲು ತೆರೆಯಬೇಕಾದದ್ದು ಈ ವರದಿಗಳನ್ನೇ.

ಚಿತ್ರದಲ್ಲಿ ಜನರಿಲ್ಲದ ಮಾತಿಗೆ ಬರುತ್ತೇನೆ. ವಿರೂಪಾಕ್ಷ ದೇವಸ್ಥಾನದ ಗೋಪುರದಿಂದ ಎದುರು ಬಸವಣ್ಣನ ತನಕ ಹರಡಿರುವ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಹಲವು ದಶಕಗಳಿಂದ ಸಂಸಾರಗಳಿದ್ದವು. ಕಲ್ಲುಕಂಬಗಳ ನಡುವೆ ಗೋಡೆ ಎಬ್ಬಿಸಿಕೊಂಡು ಮನೆ ಮಾಡಿದ್ದರು, ಹೂವು ಕಾಯಿ ಮಾರಿದ್ದರು, ಚಹಾದಂಗಡಿ, ಸೈಕಲ್ ಅಂಗಡಿ ಇಟ್ಟಿದ್ದರು. 2011ರ ಜುಲೈನಲ್ಲಿ ಅವುಗಳನ್ನು ತೆರವುಗೊಳಿಸಿದರು. ಅನೇಕರಿಗೆ ಕಡ್ಡಿರಾಂಪುರದ ಬಳಿ ಜಾಗ ಕೊಟ್ಟರು. ಸ್ಮಾರಕದ ರಕ್ಷಣೆ ಬೇಡವೆಂದು ನಾನು ಹೇಳುವುದಿಲ್ಲ. ಕಂಬ ಕೊರೆದು ಕಬ್ಬಿಣದ ಸರಳು ಸಿಕ್ಕಿಸಿದರೆ ಕಲ್ಲಿಗೆ ಪೆಟ್ಟೇ. ಆದರೆ ಬಜಾರನ್ನು ತೆರವು ಮಾಡಿದ ಮೇಲೆ ಕಾಣುವ ನೋಟ 1856ರ ಚಿತ್ರಗಳ ನೋಟವನ್ನೇ ಹೋಲುತ್ತದೆ. ಹಂಪಿ ಎಂದರೆ ಹೀಗೆ ಖಾಲಿ ಇರಬೇಕು ಎಂದು ನಮ್ಮೆಲ್ಲರ ಕಣ್ಣಿಗೆ ಕಲಿಸಿದ್ದು ಆ ಕಾಲದ ನಿಧಾನವಾದ ಕಾಗದ. ಕೃಷ್ಣದೇವರಾಯನ ಕಾಲದಲ್ಲಿ ಅದು ಖಾಲಿ ಬೀದಿಯಾಗಿರಲಿಲ್ಲ, ಬಜಾರೇ ಆಗಿತ್ತು.

ಕಟ್ಟಡಗಳ ಮಟ್ಟಿಗೆ ಗ್ರೀನ್‌ಲಾನಿಂದ ಗೋಲಿಂಗ್ಸ್ ತನಕ ಹಂಪಿಗೆ ಒಳ್ಳೆಯ ದಾಖಲೆಯಿದೆ. ಆ ಬಜಾರಿನಲ್ಲಿ ಬಾಳಿದವರದು ಅಂಥ ಸಂಪುಟಗಳಲ್ಲಿ ಸಿಗುವಂಥದ್ದಲ್ಲ. ಅದು ಇರುವುದು ಅವರವರ ಮನೆಯ ಆಲ್ಬಮ್ಮುಗಳಲ್ಲಿ, ಮದುವೆ, ನಾಮಕರಣ, ಅಂಗಡಿಯ ಪೂಜೆ, ವಿರೂಪಾಕ್ಷನ ತೇರಿನ ದಿನ ಮನೆಮಂದಿಯೆಲ್ಲ ಸಾಲಾಗಿ ನಿಂತ ಫೋಟೊಗಳಲ್ಲಿ. ಅವರ ಬೆನ್ನ ಹಿಂದೆ ಸಾಲುಮಂಟಪದ ಕಂಬಗಳು ಇದ್ದೇ ಇರುತ್ತವೆ. ಆ ಕಂಬಗಳು ಇನ್ನೂ ಇವೆ. ಯಾವ ಅಂಗಡಿ ಯಾವ ಅಂಕಣದಲ್ಲಿತ್ತು ಎಂದು ಗೋಲಿಂಗ್ಸ್ ಅನುಸರಿಸಿದ ಕ್ರಮದಲ್ಲೇ ಹೊಂದಿಸಿ ನೋಡಬಹುದು. ಎಂಬತ್ತು, ತೊಂಬತ್ತರ ದಶಕದ ಕಲರ್ ಪ್ರಿಂಟುಗಳು ಮೇಣ ಸವರಿದ ಕಾಗದದಷ್ಟು ಕಾಲ ಬಾಳುವುದಿಲ್ಲ. ಬಣ್ಣ ಕೆಂಪಿಗೆ ತಿರುಗಿ ಮಾಸುತ್ತ ಬರುತ್ತದೆ. ಹೊಸಪೇಟೆಯ ಯಾವುದಾದರೂ ಕಾಲೇಜಿನ ಇತಿಹಾಸ ವಿಭಾಗವೋ, ಅಲ್ಲೇ ಕಮಲಾಪುರದ ಪಕ್ಕದಲ್ಲಿರುವ ಕನ್ನಡ ವಿಶ್ವವಿದ್ಯಾಲಯವೋ ಒಂದು ಸ್ಕ್ಯಾನರ್ ಹಿಡಿದು ಆ ಮನೆಗಳಿಗೆ ಹೋಗಬೇಕು. ಚಿತ್ರದಲ್ಲಿ ಇರುವವರು ಯಾರು, ಅದು ಯಾವ ವರ್ಷ, ಯಾರ ಅಂಗಡಿಯ ಮುಂದೆ ತೆಗೆದದ್ದು ಎಂದು ಕೇಳಿ ಬರೆದುಕೊಳ್ಳಬೇಕು. ಅದನ್ನು ಹೇಳಬಲ್ಲ ಹಿರಿಯರು ಇನ್ನೂ ಇದ್ದಾರೆ.