ಗಾಳಿಚೀಲದ ಮಿದುಳು

ಹಾನಗಲ್ಲಿನಿಂದಾಗಲಿ, ಹಿರೇಕೆರೂರಿನಿಂದಾಗಲಿ, ಸವಣೂರಿನಿಂದಾಗಲಿ ಹೊರಟ ಕಾರು ಪುಣೆ–ಬೆಂಗಳೂರು ಹೆದ್ದಾರಿಯನ್ನು ಸೇರುವುದರೊಳಗೆ ಹಲವು ರಸ್ತೆಯುಬ್ಬುಗಳನ್ನು ದಾಟಬೇಕಾಗುತ್ತದೆ. ಪ್ರತಿಯೊಂದರಲ್ಲಿಯೂ ಗಾಡಿ ಕುಲುಕುತ್ತದೆ. ಆದರೂ ಚಾಲಕನ ಮುಂದಿರುವ ಗಾಳಿಚೀಲ ಬಿಚ್ಚಿಕೊಳ್ಳುವುದಿಲ್ಲ. ಅದೇ ಗಾಡಿ ಶಿಗ್ಗಾಂವಿಯ ಬಳಿ ನಿಂತ ಲಾರಿಯೊಂದಕ್ಕೆ ರಭಸದಿಂದ ಅಪ್ಪಳಿಸಿತೆನ್ನಿ, ಕಣ್ಣೆವೆಯಿಕ್ಕುವುದರೊಳಗೆ ಚೀಲವು ಉಬ್ಬಿ ನಿಲ್ಲುವುದು. ಕುಲುಕಾಟ ಯಾವುದು, ಅಪಘಾತ ಯಾವುದು ಎಂದು ನಿರ್ಣಯಿಸುವವರು ಯಾರು?

ಬಹುತೇಕ ಕಾರುಗಳಲ್ಲಿ ಮುಂದಿನ ಎರಡು ಆಸನಗಳ ನಡುವೆ, ಗೇರಿನ ಸಮೀಪದಲ್ಲಿ, ನೆಲದ ಲೋಹಕ್ಕೆ ಬಿಗಿದ ಅಂಗೈಯಗಲದ ಪೆಟ್ಟಿಗೆಯೊಂದುಂಟು. ಇದೇ ಏರ್‌ಬ್ಯಾಗ್ ಕಂಟ್ರೋಲ್ ಮಾಡ್ಯೂಲ್. ಇದರೊಳಗಿನ ಸಿಲಿಕಾನ್ ಬಿಲ್ಲೆಯಲ್ಲಿ ಮರಳ ಕಣದಷ್ಟು ಪುಟ್ಟ ತೂಕವೊಂದು ತೂಗಿಕೊಂಡಿದೆ. ಗಾಡಿ ಥಟ್ಟನೆ ನಿಂತಾಗ ಜಡತ್ವದಿಂದಾಗಿ ಅದು ಮುಂದಕ್ಕೆ ಸರಿಯುತ್ತದೆ. ಆ ಸರಿತವೇ ವಿದ್ಯುತ್ ಸಂಕೇತವಾಗುತ್ತದೆ.

ವಾಚಕರು ತಾವೇ ಲೆಕ್ಕ ಮಾಡಿ ನೋಡಬಹುದು. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಈ ವೇಗವೆಲ್ಲ 0.1 ಸೆಕೆಂಡಿನಲ್ಲಿ ಅಳಿದುಹೋದರೆ, ವೇಗ ಕುಗ್ಗುವ ಪ್ರಮಾಣವು ಗುರುತ್ವ ವೇಗೋತ್ಕರ್ಷದ ಸುಮಾರು 17 ಪಟ್ಟಾಗುತ್ತದೆ! ರಸ್ತೆಯುಬ್ಬಿನ ಪೆಟ್ಟಾದರೋ ಹೆಚ್ಚಾಗಿ ಮೇಲ್ಮುಖವಾದದ್ದು. ಪೆಟ್ಟಿಗೆಯೊಳಗಿನ ಗಣಕವು ಪೆಟ್ಟಿನ ಬಿರುಸು, ದಿಕ್ಕು, ಅವಧಿ ಮೂರನ್ನೂ ತೂಗಿ ನೋಡಿ ಕಿಡಿಯನ್ನು ಕಳುಹಿಸುತ್ತದೆ. ರಾಸಾಯನಿಕ ಉರಿದು ಅನಿಲ ಹೊಮ್ಮಿ, ಸುಮಾರು 30 ಮಿಲಿಸೆಕೆಂಡುಗಳಲ್ಲಿ ಚೀಲ ತುಂಬುತ್ತದೆ.

ಅಮೆರಿಕದ ಜಾನ್ ಹೆಟ್ರಿಕ್ ಇಂತಹ ಚೀಲಕ್ಕೆ ಪೇಟೆಂಟ್ ಪಡೆದದ್ದು 1953ರಲ್ಲಿ. ನಮ್ಮ ದೇಶದಲ್ಲಿ ಹೊಸ ಕಾರುಗಳ ಚಾಲಕನಿಗೆ ಇದು ಕಡ್ಡಾಯವಾದದ್ದು 2019ರ ಜುಲೈ 1ರಿಂದ.

ಚೀಲ ಒಮ್ಮೆ ಸಿಡಿದರೆ ಪೆಟ್ಟಿಗೆಯು ಆ ಅಪಘಾತದ ದಾಖಲೆಯನ್ನು ತನ್ನಲ್ಲಿ ಅಚ್ಚೊತ್ತಿಕೊಳ್ಳುತ್ತದೆ. ಆಗ ಸಾಮಾನ್ಯವಾಗಿ ಹೊಸದನ್ನೇ ಕೂಡಿಸಬೇಕು. ಇದು ನುರಿತ ಮೆಕ್ಯಾನಿಕರ ಕೆಲಸವೇ ಹೊರತು ಮನೆಯಂಗಳದ ಕೆಲಸವಲ್ಲ. ಅವರು ಮೊದಲು ಬ್ಯಾಟರಿಯ ಋಣ ತಂತಿಯನ್ನು ಬಿಚ್ಚುತ್ತಾರೆ. ಆದರೆ ಒಡನೆಯೇ ಪೆಟ್ಟಿಗೆಗೆ ಕೈಹಾಕುವುದಿಲ್ಲ. ಅಪಘಾತದಲ್ಲಿ ಬ್ಯಾಟರಿಯೇ ಜಜ್ಜಿಹೋದರೂ ಚೀಲ ಉಬ್ಬಬೇಕಷ್ಟೆ? ಅದಕ್ಕಾಗಿ ಒಳಗಿನ ಕಂಡೆನ್ಸರಿನಲ್ಲಿ ವಿದ್ಯುತ್ತನ್ನು ಕೂಡಿಟ್ಟಿರುತ್ತಾರೆ. ಅದು ಇಳಿದುಹೋಗಲೆಂದು ತಯಾರಕರು ಹೇಳಿದಷ್ಟು ಹೊತ್ತು ಕಾಯಲೇಬೇಕು. ಹಳದಿ ಬಣ್ಣದ ಕನೆಕ್ಟರುಗಳನ್ನು ಕಳಚುವುದು ಆ ಮೇಲೆ.

ಹೊಸ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಬಾಣದ ಗುರುತಿರುತ್ತದೆ. ಬಾಣ ಗಾಡಿಯ ಮುಂಭಾಗವನ್ನು ತೋರಬೇಕು. ತಿರುವುಮುರುವಾದರೆ ಮುಂದಿನ ಪೆಟ್ಟು ಹಿಂದಿನದೆಂದು ತೋರೀತು. ಬೋಲ್ಟು ಸಡಿಲವಾದರೂ ಕೇಡೇ. ಗಾಡಿಯ ಕಂಪನ ಪೆಟ್ಟಿಗೆಗೆ ಸರಿಯಾಗಿ ತಲಪುವುದಿಲ್ಲ. ಕೊನೆಯಲ್ಲಿ, ತಾನು ಯಾವ ಗಾಡಿಯಲ್ಲಿರುವೆನೆಂಬುದನ್ನು ಅನೇಕ ಪೆಟ್ಟಿಗೆಗಳಿಗೆ ಗಣಕಯಂತ್ರದ ಮೂಲಕ ಕಲಿಸಬೇಕಾಗುತ್ತದೆ.

ಬಳಿಕ ಕೀಲಿ ತಿರುಗಿಸಿದಾಗ ಎಚ್ಚರಿಕೆಯ ಕೆಂಪು ದೀಪ ಕೆಲವು ಸೆಕೆಂಡು ಉರಿದು ಆರಿದರೆ ಎಲ್ಲವೂ ಸರಿಯೆಂದು ಪೆಟ್ಟಿಗೆ ಹೇಳಿದಂತೆ. ಆರದಿದ್ದರೆ ಎಲ್ಲಿಯೋ ದೋಷವಿದೆ. ಹಳೆಯ ಕಾರನ್ನು ಕೊಳ್ಳುವವರು ಇನ್ನೊಂದನ್ನೂ ಗಮನಿಸಬೇಕು: ದೀಪ ಉರಿಯದೆಯೇ ಇದ್ದರೆ, ದೋಷವನ್ನು ಮರೆಮಾಡಲು ಯಾರೋ ಅದನ್ನು ಕಿತ್ತಿರಲೂಬಹುದು. ಅಂತಹ ಗಾಡಿಯ ಚೀಲ ಬದುಕಿದೆಯೋ ಇಲ್ಲವೋ ಎಂಬುದನ್ನು ಪರೀಕ್ಷಾಯಂತ್ರವನ್ನು ಜೋಡಿಸಿಯೇ ತಿಳಿಯಬೇಕು.