ಇ-ಮೇಲ್ ವಿಳಾಸಗಳ ವರ್ಗೀಕರಣ ಮತ್ತು ಶೋಧನೆ: ವ್ಯಾಪಾರಸ್ಥರಿಗೆ ಉಪಯುಕ್ತ ಮಾಹಿತಿ

ಬೀದರ್ ಗಾಂಧಿ ಗಂಜ್‌ನ ಅಡತ ಅಂಗಡಿಯಾಗಲಿ, ಭಾಲ್ಕಿಯ ದಾಲ್ ಮಿಲ್ಲಾಗಲಿ, ಔರಾದಿನ ಬೀಜ-ಗೊಬ್ಬರದ ಮಳಿಗೆಯಾಗಲಿ, ಇ-ಮೇಲ್ ಇಲ್ಲದೆ ವ್ಯವಹಾರ ನಡೆಸುವುದು ಇಂದು ದುಸ್ತರವಾಗಿದೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಬಳಿಕ ಇದು ಅನುಕೂಲದ ಮಾತಾಗಿ ಉಳಿದಿಲ್ಲ. ನೋಂದಣಿಯ ವೇಳೆ ಕೊಟ್ಟ ಇ-ಮೇಲ್ ವಿಳಾಸಕ್ಕೆ ನೋಟಿಸು ಕಳುಹಿಸುವುದನ್ನು ಸಿಜಿಎಸ್‌ಟಿ ಕಾಯ್ದೆಯ 169ನೇ ಕಲಮು ಜಾರಿಯ ಒಂದು ಮಾನ್ಯ ವಿಧಾನವೆಂದು ಪರಿಗಣಿಸುತ್ತದೆ. ಆದರೂ ನಮ್ಮ ಜಿಲ್ಲೆಯ ಅನೇಕ ಸಂಸ್ಥೆಗಳಲ್ಲಿ ಗ್ರಾಹಕರು, ಸರಬರಾಜುದಾರರು, ಲಾರಿ ಮಾಲೀಕರು, ಬ್ಯಾಂಕು ಮತ್ತು ಬಂಧುಗಳ ವಿಳಾಸಗಳು ಒಂದೇ ಪಟ್ಟಿಯಲ್ಲಿ ಬೆರೆತಿರುತ್ತವೆ.

ಹೆಸರಿನ ಶೋಧನೆ ಏಕೆ ಸಾಲದು?

ಹೆಸರು ಬರೆದು ಹುಡುಕುವುದು ಎಲ್ಲರಿಗೂ ತಿಳಿದ ವಿಧಾನ. ಆದರೆ ಬೀದರ್ ಕನ್ನಡ, ಮರಾಠಿ, ತೆಲುಗು, ಉರ್ದು ಕೂಡಿ ಬಾಳುವ ಜಿಲ್ಲೆ. ಪಾಟೀಲ ಎಂಬ ಅಡ್ಡಹೆಸರು ಭಾಲ್ಕಿಯಲ್ಲೂ ಉಂಟು, ಗಡಿಯಾಚೆಯ ಉದ್ಗೀರದಲ್ಲೂ ಉಂಟು. ಮೊಹಮ್ಮದ್ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕಾರು ಬಗೆಯಾಗಿ ಬರೆಯುವವರಿದ್ದಾರೆ. ಅಲ್ಲದೆ ಹೆಸರಿನ ಶೋಧನೆಯಿಂದ ದೊರೆಯುವುದು ನೆನಪಿನಲ್ಲಿರುವ ವ್ಯಕ್ತಿ ಮಾತ್ರ. ಮರೆತುಹೋದವನನ್ನು ಅದು ತೋರಿಸಲಾರದು.

ಹಳೆಯ ಲೆಕ್ಕಪದ್ಧತಿಯನ್ನು ಬಲ್ಲವರಿಗೆ ಇದನ್ನು ಸುಲಭವಾಗಿ ವಿವರಿಸಬಹುದು. ಬಂದ ಪತ್ರಗಳ ಪೆಟ್ಟಿಗೆ ರೋಜುಕಿರ್ದಿಯಂತೆ. ಅಲ್ಲಿ ಎಲ್ಲವೂ ದಿನಾಂಕದ ಕ್ರಮದಲ್ಲಿರುತ್ತದೆ. ವರ್ಗೀಕರಿಸಿದ ವಿಳಾಸಪಟ್ಟಿ ಖತಾವಣಿಯಂತೆ. ಕಿರ್ದಿಯಿಂದ ಖಾತೆಗೆ ಎತ್ತಿ ಬರೆಯದೆ ಬಾಕಿ ತಿಳಿಯದಿರುವಂತೆ, ವಿಳಾಸಗಳಿಗೆ ವರ್ಗ ಕೊಡದೆ ಪೂರ್ಣ ಪಟ್ಟಿ ದೊರೆಯುವುದಿಲ್ಲ.

ಯಾವ ವರ್ಗಗಳು ಬೇಕು?

ವರ್ಗಗಳು ವ್ಯವಹಾರದಲ್ಲಿ ಏಳುವ ಪ್ರಶ್ನೆಗಳಿಗೆ ಅನುಗುಣವಾಗಿರಬೇಕು. ಈ ಭಾಗದ ವ್ಯಾಪಾರಸ್ಥರಿಗೆ ಕೆಳಗಿನ ನಾಲ್ಕು ಅಗತ್ಯವೆನ್ನಬಹುದು.

1. ಸಂಬಂಧ: ಗ್ರಾಹಕ, ಸರಬರಾಜುದಾರ, ಸಾಗಣೆದಾರ, ಇಲಾಖೆ ಅಥವಾ ಬ್ಯಾಂಕು.

2. ರಾಜ್ಯ: ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿಗಳಿಂದ ಇದು ತಿಳಿಯುತ್ತದೆ. ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ತೆಲಂಗಾಣಕ್ಕೆ 36. ಬೀದರಿನಿಂದ ಭಾಲ್ಕಿಗೆ ಹೋದ ಮಾಲಿಗೆ ಕೇಂದ್ರ ಮತ್ತು ರಾಜ್ಯ ಜಿಎಸ್‌ಟಿ. ಸಮೀಪದ ಜಹೀರಾಬಾದಿಗೋ ಉದ್ಗೀರಕ್ಕೋ ಹೋದ ಮಾಲಿಗೆ ಐಜಿಎಸ್‌ಟಿ. ಗಡಿ ಜಿಲ್ಲೆಯಲ್ಲಿ ಈ ಭೇದ ನಿತ್ಯದ್ದು.

3. ಉದ್ಯಮದ ಗಾತ್ರ ಮತ್ತು ಸ್ವರೂಪ: ಸೂಕ್ಷ್ಮ, ಸಣ್ಣ, ಮಧ್ಯಮ, ಹಾಗೆಯೇ ತಯಾರಕ, ಸೇವೆ, ವರ್ತಕ. ಇದನ್ನು ಬಾಯಿಮಾತಿನಿಂದಲ್ಲ, ಉದ್ಯಮ್ ನೋಂದಣಿ ಪತ್ರವನ್ನು ನೋಡಿಯೇ ನಮೂದಿಸಬೇಕು.

4. ಕರಾರು: ಪಾವತಿಯ ಅವಧಿಯ ಬಗ್ಗೆ ಲಿಖಿತ ಒಪ್ಪಂದ ಇದೆಯೇ ಇಲ್ಲವೇ ಎಂಬುದು.

ವರ್ಗೀಕರಣದಲ್ಲಿ ಹಣದ ಪ್ರಶ್ನೆ

ಮೂರನೆಯ ಮತ್ತು ನಾಲ್ಕನೆಯ ವರ್ಗಗಳು ತೆರಿಗೆಗೆ ನೇರವಾಗಿ ಸಂಬಂಧಿಸಿವೆ. ಎಂಎಸ್‌ಎಂಇಡಿ ಕಾಯ್ದೆ, 2006ರ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ, ಲಿಖಿತ ಒಪ್ಪಂದವಿಲ್ಲದಿದ್ದರೆ ಮಾಲು ಸ್ವೀಕರಿಸಿದ 15 ದಿನಗಳೊಳಗೆ, ಒಪ್ಪಂದವಿದ್ದರೆ ಅದರಂತೆ ಗರಿಷ್ಠ 45 ದಿನಗಳೊಳಗೆ ಹಣ ಸಲ್ಲಿಸಬೇಕು. 1961ರ ಆದಾಯ ತೆರಿಗೆ ಕಾಯ್ದೆಯ 43ಬಿ ಕಲಮಿಗೆ ಸೇರಿಸಲಾದ (ಎಚ್) ಖಂಡವು 2024-25ನೇ ಕರನಿರ್ಧಾರಣ ವರ್ಷದಿಂದ ಅನ್ವಯವಾಯಿತು. ಅದರಂತೆ, ಅವಧಿ ಮೀರಿಯೂ ಮಾರ್ಚ್ 31ಕ್ಕೆ ಬಾಕಿ ಉಳಿದ ಮೊತ್ತವನ್ನು ಆ ವರ್ಷದ ಖರ್ಚೆಂದು ಒಪ್ಪಲಾಗುವುದಿಲ್ಲ. ಹಣ ಕೊಟ್ಟ ವರ್ಷದಲ್ಲಿ ಮಾತ್ರ ಕಳೆಯಬಹುದು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯೂ ಈ ತತ್ವವನ್ನು ಕೈಬಿಟ್ಟಿಲ್ಲ.

ಉದಾಹರಣೆಗೆ, ಒಂದು ಪಾಲುದಾರಿ ಸಂಸ್ಥೆಯು ಬಾರದಾನ ತಯಾರಿಸುವ ಸಣ್ಣ ಉದ್ಯಮವೊಂದಕ್ಕೆ 2,40,000 ರೂಪಾಯಿ ಕೊಡಬೇಕಾಗಿದ್ದು, ಅವಧಿ ಮೀರಿ ಮಾರ್ಚ್ 31ಕ್ಕೂ ಬಾಕಿ ಉಳಿದಿದೆ ಎಂದುಕೊಳ್ಳೋಣ. ಶೇ. 30ರ ತೆರಿಗೆ ಮತ್ತು ಅದರ ಮೇಲೆ ಶೇ. 4ರ ಸೆಸ್ ಸೇರಿ 74,880 ರೂಪಾಯಿ ಆ ವರ್ಷವೇ ಹೆಚ್ಚುವರಿಯಾಗಿ ಕಟ್ಟಬೇಕಾಗುತ್ತದೆ. ಹಂಗಾಮಿನಲ್ಲಿ ತೊಗರಿ, ಕಡಲೆ ಖರೀದಿಗೆ ಕೈಯಲ್ಲಿ ಹಣ ಬೇಕಾದ ಸಂಸ್ಥೆಗೆ ಇದು ಸಣ್ಣ ಮೊತ್ತವಲ್ಲ.

ಪ್ರಶ್ನೆಯನ್ನು ರಚಿಸುವ ಕ್ರಮ

ಆದುದರಿಂದ ಮಾರ್ಚ್ ಮೊದಲ ವಾರದಲ್ಲಿ ಕೇಳಬೇಕಾದ ಪ್ರಶ್ನೆ ಇದು: ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿದ್ದು, ವರ್ತಕರಲ್ಲದ, ಲಿಖಿತ ಕರಾರಿಲ್ಲದ ಸರಬರಾಜುದಾರರು ಯಾರು? ವರ್ತಕರನ್ನು ಬಿಡಲು ಕಾರಣವಿದೆ. 2021ರ ಜುಲೈಯಲ್ಲಿ ಉದ್ಯಮ್ ನೋಂದಣಿಯನ್ನು ಚಿಲ್ಲರೆ ಮತ್ತು ಸಗಟು ವ್ಯಾಪಾರಕ್ಕೆ ತೆರೆದಾಗ ಅದರ ಪ್ರಯೋಜನವನ್ನು ಆದ್ಯತಾ ಸಾಲಕ್ಕೆ ಮಾತ್ರ ಸೀಮಿತಗೊಳಿಸಲಾಯಿತು.

ವಿಂಡೋಸ್‌ನ ಹಳೆಯ ವಿನ್ಯಾಸದ ಔಟ್‌ಲುಕ್‌ನಲ್ಲಿ ಒಂದು ವಿಳಾಸಕ್ಕೆ ಹಲವು ವರ್ಗಗಳನ್ನು ಕೊಡಲು ಅವಕಾಶವಿದೆ. ಶೋಧನೆಯ ಪೆಟ್ಟಿಗೆಯಲ್ಲಿ ಮೇಲಿನ ಪ್ರಶ್ನೆಯನ್ನು ಹೀಗೆ ಬರೆಯಬಹುದು:

(ಕೆಟಗರಿ:"ಸೂಕ್ಷ್ಮ" ಆರ್ ಕೆಟಗರಿ:"ಸಣ್ಣ") ನಾಟ್ ಕೆಟಗರಿ:"ವರ್ತಕ" ನಾಟ್ ಕೆಟಗರಿ:"ಕರಾರು"

ಕೆಟಗರಿ, ಆರ್, ನಾಟ್ ಎಂಬ ಪದಗಳನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ಕೊನೆಯ ಎರಡನ್ನು ದೊಡ್ಡಕ್ಷರಗಳಲ್ಲಿಯೇ ಬರೆಯತಕ್ಕದ್ದು. ‘ಆರ್’ ಪಟ್ಟಿಯನ್ನು ಹಿಗ್ಗಿಸುತ್ತದೆ, ‘ಆಂಡ್’ ಕುಗ್ಗಿಸುತ್ತದೆ, ‘ನಾಟ್’ ಬೇಡವಾದುದನ್ನು ತೆಗೆಯುತ್ತದೆ. ಮೊದಲೆರಡು ವರ್ಗಗಳನ್ನು ಆವರಣದೊಳಗೆ ಇಟ್ಟರೆ ಅರ್ಥದಲ್ಲಿ ಗೊಂದಲವಾಗದು.

ಎಚ್ಚರ ವಹಿಸಬೇಕಾದ ಅಂಶಗಳು

ಅದೇ ಔಟ್‌ಲುಕ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಫ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ‘ಅಡ್ವಾನ್ಸ್ಡ್ ಫೈಂಡ್’ ತೆರೆಯುತ್ತದೆ. ಅಲ್ಲಿ ಬೇರೆ ಬೇರೆ ಕಲಂಗಳಿಗೆ ಕೊಟ್ಟ ಷರತ್ತುಗಳು ‘ಆಂಡ್’ ಎಂದು ಕೂಡಿಕೊಳ್ಳುತ್ತವೆ. ಆದರೆ ಒಂದೇ ಕಲಂಗೆ ಎರಡು ಷರತ್ತು ಕೊಟ್ಟರೆ ಅವು ‘ಆರ್’ ಆಗುತ್ತವೆ. ‘ಸರಬರಾಜುದಾರ’ ಮತ್ತು ‘ಮಹಾರಾಷ್ಟ್ರ’ ಎರಡನ್ನೂ ವರ್ಗದ ಕಲಂನಲ್ಲಿ ಕೇಳಿದರೆ ಮಹಾರಾಷ್ಟ್ರದ ಸರಬರಾಜುದಾರರ ಬದಲು, ಎಲ್ಲ ಸರಬರಾಜುದಾರರ ಜೊತೆಗೆ ಮಹಾರಾಷ್ಟ್ರದವರೆಲ್ಲರೂ ಬರುತ್ತಾರೆ. ರಾಜ್ಯವನ್ನು ವಿಳಾಸದ ಕಲಂನಲ್ಲಿ, ಸಂಬಂಧವನ್ನು ವರ್ಗದ ಕಲಂನಲ್ಲಿ ಇಟ್ಟರೆ ಈ ತೊಡಕು ನಿವಾರಣೆಯಾಗುತ್ತದೆ.

ವರ್ಗದ ಹೆಸರುಗಳು ಒಂದರೊಳಗೊಂದು ಅಡಗಿರಬಾರದು. ‘ಕರಾರು’, ‘ಕರಾರು ಇಲ್ಲ’ ಎಂದು ಎರಡು ವರ್ಗ ಮಾಡಿದರೆ ಮೊದಲನೆಯದನ್ನು ಹುಡುಕಿದಾಗ ಎರಡನೆಯದೂ ಬರುವ ಸಂಭವವಿದೆ. ವರ್ಗದ ಕಲಂ ಖಾಲಿ ಇರುವ ವಿಳಾಸಗಳನ್ನೂ ತಿಂಗಳಿಗೊಮ್ಮೆ ಹುಡುಕಿ ನೋಡುವುದು ಒಳಿತು. ವರ್ಗ ಕಾಣದವನು ಯಾವ ಶೋಧನೆಯಲ್ಲೂ ಸರಿಯಾದ ಜಾಗದಲ್ಲಿ ಕಾಣಿಸುವುದಿಲ್ಲ.

ಜಿಮೇಲ್ ಬಳಸುವವರು ಒಂದು ಭೇದವನ್ನು ಗಮನಿಸಬೇಕು. ಪತ್ರಗಳ ಲೇಬಲ್ ಬೇರೆ, ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ ವಿಳಾಸಗಳಿಗೆ ಕೊಡುವ ಲೇಬಲ್ ಬೇರೆ. ಜಿಮೇಲ್‌ನ ಶೋಧನೆಯಲ್ಲಿ ಲೇಬಲ್ ಎಂದು ಕೇಳಿದರೆ ಪತ್ರಗಳ ಲೇಬಲ್ ಮಾತ್ರ ಪರಿಗಣಿತವಾಗುತ್ತದೆ. ವಿಳಾಸಗಳನ್ನು ಹಲವು ಷರತ್ತುಗಳಿಂದ ಸೋಸಬೇಕಾದರೆ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಹೊರತೆಗೆದು, ಎಕ್ಸೆಲ್‌ನ ಫಿಲ್ಟರ್ ಬಳಸುವುದು ಸುಲಭ.

ವರ್ಷಕ್ಕೊಮ್ಮೆ ಪರಿಶೀಲನೆ

ಒಮ್ಮೆ ಕೊಟ್ಟ ವರ್ಗ ಶಾಶ್ವತವಲ್ಲ. 2025ರ ಏಪ್ರಿಲ್ 1ರಿಂದ ಸೂಕ್ಷ್ಮ ಉದ್ಯಮದ ವಹಿವಾಟಿನ ಮಿತಿ 5 ಕೋಟಿಯಿಂದ 10 ಕೋಟಿಗೂ, ಸಣ್ಣ ಉದ್ಯಮದ್ದು 50 ಕೋಟಿಯಿಂದ 100 ಕೋಟಿಗೂ ಏರಿತು. ಬಂಡವಾಳದ ಮಿತಿಗಳೂ ಹೆಚ್ಚಿದವು. ಹಿಂದೆ ಮಧ್ಯಮವೆನಿಸಿದ್ದ ಸರಬರಾಜುದಾರನು ಈಗ ಸಣ್ಣ ಉದ್ಯಮವಾಗಿರಬಹುದು, 45 ದಿನಗಳ ನಿಯಮವೂ ಅವನಿಗೆ ಅನ್ವಯಿಸಬಹುದು. ಆದ್ದರಿಂದ ಪ್ರತಿ ಏಪ್ರಿಲ್‌ನಲ್ಲಿ ಉದ್ಯಮ್ ಪತ್ರದ ಹೊಸ ಪ್ರತಿ ತರಿಸಿಕೊಂಡು ವರ್ಗವನ್ನು ತಿದ್ದತಕ್ಕದ್ದು.

ಶೋಧನೆಯಿಂದ ದೊರೆತ ಪಟ್ಟಿ ಬಾಕಿಯ ಪಟ್ಟಿಯಲ್ಲ ಎಂಬುದೂ ನೆನಪಿರಲಿ. ಅದನ್ನು ಖಾತೆಯ ಬಾಕಿಯೊಂದಿಗೆ ತಾಳೆ ನೋಡಿ, ಅವಧಿ ಮೀರುವ ಬಿಲ್ಲುಗಳನ್ನು ಮೊದಲು ಪಾವತಿಸಬೇಕು. ನಾಲ್ಕು ನೂರು ವಿಳಾಸಗಳಿದ್ದರೂ ದಿನಕ್ಕೆ ಇಪ್ಪತ್ತರಂತೆ ವರ್ಗ ಕೊಟ್ಟರೆ ಇಪ್ಪತ್ತು ದಿನಗಳಲ್ಲಿ ಕೆಲಸ ಮುಗಿಯುತ್ತದೆ. ಈ ಕಾರ್ಯವನ್ನು ಮಾರ್ಚ್‌ವರೆಗೆ ಮುಂದೂಡದೆ, ಸರಬರಾಜುದಾರರ ವಿಳಾಸಗಳಿಂದಲೇ ಆರಂಭಿಸುವುದು ಲೇಸು.